ಪಂಖಾ ಇಲ್ಲದ ಮೋಟಾರು

ಆ ಬೇಸಿಗೆಯ ಡೈರಿ ನನ್ನ ಹತ್ತಿರ ಇನ್ನೂ ಇದೆ. ಅದನ್ನು ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಅದು ಯಾವಾಗಲೂ ನನ್ನ ಪಕ್ಷ ವಹಿಸುತ್ತದೆ. ಡೈರಿ ಆಯಾ ದಿನವೇ ಬರೆದದ್ದು, ಅದು ನೆಟ್ಟಗಿರುತ್ತದೆ ಎಂದುಕೊಂಡಿದ್ದೆ. ಈಗ ಓದಿದರೆ ಅದೂ ಅಲ್ಲಲ್ಲಿ ನನ್ನ ಪಕ್ಷವೇ. ಎರಡೂ ಹೊಂದದ ಕಡೆ ಎರಡನ್ನೂ ಹೇಳುತ್ತೇನೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲಿನ ಮಾತು. ನಾನು ಕೊಪ್ಪಳದ ದನದ ದವಾಖಾನೆಯಲ್ಲಿ ವೈದ್ಯನಾಗಿದ್ದೆ. ಜನರ ಬಾಯಲ್ಲಿ ಸಲೋತ್ರಿ ಸಾಹೇಬ. ಕುಷ್ಟಗಿ ಸೀಮೆಯ ದನಗಳಲ್ಲಿ ದೊಡ್ಡರೋಗ ಹೊಕ್ಕಿತ್ತು. ಬಾಯಲ್ಲಿ ಹುಣ್ಣೆದ್ದು, ಭೇದಿ ಹತ್ತಿ, ವಾರದೊಳಗೆ ಎತ್ತು ನೆಲ ಹಿಡಿಯುತ್ತಿತ್ತು. ಬಂದ ಮೇಲೆ ಮದ್ದಿಲ್ಲ, ಬರುವ ಮೊದಲು ಲಸಿಕೆ ಹಾಕಬೇಕು. ಆಗಿನ ಲಸಿಕೆ ಆಡಿನ ರಕ್ತ. ಆಡಿನಿಂದ ಆಡಿಗೆ ಸಾಗಿಸಿ ಸೌಮ್ಯ ಮಾಡಿದ ರೋಗಬೀಜವನ್ನು ದವಾಖಾನೆಯ ಆಡಿಗೆ ಚುಚ್ಚುತ್ತಿದ್ದೆವು. ಜ್ವರ ಏರಿದ ದಿನ ಅದರ ಕುತ್ತಿಗೆಯಿಂದ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಗಾಜಿನ ಮಣಿ ಹಾಕಿದ ಸೀಸೆಯಲ್ಲಿ ಅಲ್ಲಾಡಿಸಿ, ಮಂಜುಗಡ್ಡೆಯಲ್ಲಿಟ್ಟು ಹಳ್ಳಿಗೆ ಒಯ್ಯುತ್ತಿದ್ದೆವು. ಮಂಜು ಕರಗಿ ಸೀಸೆ ಬೆಚ್ಚಗಾದರೆ ಬೀಜ ಸಾಯುತ್ತದೆ. ನೋಡಲು ಏನೂ ವ್ಯತ್ಯಾಸವಿಲ್ಲ, ಅದೇ ಕೆಂಪು. ಎತ್ತಿಗೆ ನಾಲ್ಕೈದು ದಿನಕ್ಕೆ ಸಣ್ಣ ಜ್ವರ ಬಂದರಷ್ಟೇ ಲಸಿಕೆ ಹಿಡಿಯಿತೆಂದು ತಿಳಿಯುವುದು.

ಹೀಗೆ ಲಸಿಕೆ ಒಯ್ದ ಮೊದಲ ಊರಿಗೆ ಸರ್ವಿಸ್ ಮೋಟಾರಿನಲ್ಲೂ ಆಮೇಲೆ ಎತ್ತಿನ ಗಾಡಿಯಲ್ಲೂ ಹೋಗಿ ಮುಟ್ಟುವಾಗ ಸಂಜೆಯಾಗಿತ್ತು. ಡೈರಿಯಲ್ಲಿ ಹೀಗಿದೆ: ‘ಮಂಜು ಸಾಕಷ್ಟು ಉಳಿದಿತ್ತು. ಅರವತ್ತು ದನಗಳಿಗೆ ಹಾಕಿದೆ.’ ಯಾವ ಎತ್ತಿಗೂ ಜ್ವರ ಬರಲಿಲ್ಲವೆಂದು ತಿಳಿದದ್ದು ನಾನು ಊರು ಬಿಟ್ಟ ಎಷ್ಟೋ ದಿನಕ್ಕೆ. ಮೂರು ವಾರಕ್ಕೆ ರೋಗ ಬಂತು. ಅರವತ್ತರಲ್ಲಿ ಹದಿನೇಳು ಉಳಿದವು. ಲಸಿಕೆ ಹಾಕಿಸಿದ್ದೇವೆಂಬ ಧೈರ್ಯದಲ್ಲಿ ಅವರು ದನಗಳನ್ನು ಬೇರೆ ಊರಿನವುಗಳ ಜೊತೆ ಒಂದೇ ಕೆರೆಗೆ ಬಿಟ್ಟಿದ್ದರು.

ತಡವಾದದ್ದೇ ಕಾರಣ, ವೇಗ ಬೇಕು ಎಂದು ನಾನು ತೀರ್ಮಾನಿಸಿದೆ. ಆ ತೀರ್ಮಾನ ಎಷ್ಟು ನಿಜ, ನನ್ನ ಆಸೆ ಅದರಲ್ಲಿ ಎಷ್ಟು ಬೆರೆತಿತ್ತು ಎಂದು ಇವತ್ತಿಗೂ ಬಿಡಿಸಿ ಹೇಳಲಾರೆ. ಕಾಲೇಜಿನ ದಿನಗಳಲ್ಲಿ ಹೈದರಾಬಾದಿನ ರಸ್ತೆಯಲ್ಲಿ ನವಾಬರ ಹುಡುಗರು ಉದ್ದ ಮೂತಿಯ ತೆರೆದ ಮೋಟಾರುಗಳನ್ನು ಓಡಿಸುವುದನ್ನು ನಿಂತು ನೋಡಿದವನು ನಾನು. ಗಂಗಾವತಿ ಹತ್ತಿರದ ಒಬ್ಬ ಜಾಗೀರದಾರರು ಅಂಥದೇ ಒಂದನ್ನು ಮಾರುತ್ತಾರೆಂದು ಕೇಳಿದಾಗ, ಎತ್ತುಗಳ ನೆಪ ನನ್ನ ಕೈಯಲ್ಲಿ ಸಿದ್ಧವಾಗಿತ್ತು.

ಮೋಟಾರು ಭತ್ತದ ಕಣಜದ ಪಕ್ಕದ ಚಪ್ಪರದಲ್ಲಿತ್ತು. ಎರಡು ಸೀಟು, ಆರು ಸಿಲಿಂಡರು, ಎರಡು ಕಾರ್ಬುರೇಟರು, ಬಾನೆಟ್ಟಿನ ಮೇಲೆ ಅಗಲವಾದ ಚರ್ಮದ ಪಟ್ಟಿ. ರೇಸಿಗೆಂದು ತರಿಸಿದ್ದು, ಸರಿಯಾಗಿ ಎರಡು ವರ್ಷವೂ ಓಡಿರಲಿಲ್ಲ. ನಾನು ಓದಿ ತಿಳಿದದ್ದನ್ನೆಲ್ಲ ಪರೀಕ್ಷಿಸಿದೆ. ಹ್ಯಾಂಡಲ್ ಹಾಕಿ ಕೈಯಿಂದ ನಿಧಾನ ತಿರುಗಿಸಿ ಒಂದೊಂದು ಸಿಲಿಂಡರಿನ ಒತ್ತಡ ನೋಡಿದೆ. ಐದು ಗಟ್ಟಿ, ಆರನೆಯದು ಸ್ವಲ್ಪ ಮೆತ್ತಗೆ. ಎಣ್ಣೆ ಅಳೆಯುವ ಕಡ್ಡಿ ಎಳೆದು ನೀರಿನ ಹನಿ ಇದೆಯೇ ಎಂದು ಬೆಳಕಿಗೆ ಹಿಡಿದೆ. ಪ್ಲಗ್ಗುಗಳನ್ನು ಬಿಚ್ಚಿದೆ. ಜಾಗೀರದಾರರ ಹಳೆಯ ಡ್ರೈವರ್, ಅವರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ಬೀಡಿ ಸೇದುತ್ತ ನೋಡುತ್ತಿದ್ದರು.

“ಹಲ್ಲು ನೋಡಿದ್ರಿ, ಗೊರಸು ನೋಡಿದ್ರಿ. ಇನ್ನ ಹತ್ತಿ ನೋಡ್ರಿ, ಸಲೋತ್ರಿ ಸಾಹೇಬ್ರ.”

ಕಾಲುವೆಯ ದಂಡೆಯ ನೇರ ರಸ್ತೆಯಲ್ಲಿ ವೇಗವನ್ನು ತಾಸಿಗೆ ಅರವತ್ತು ಮೈಲಿಯವರೆಗೆ ಒಯ್ದೆ. ತಿರುಗಿಸಿ ಚಪ್ಪರದ ಮುಂದೆ ತಂದು ನಿಲ್ಲಿಸಿದೆ. ಉಸ್ತಾದ್ ಬಾನೆಟ್ಟಿನ ಒಂದು ಪಕ್ಕ ಎತ್ತಿ ರೇಡಿಯೇಟರಿನ ಹಿಂದೆ ಖಾಲಿ ಇದ್ದ ಜಾಗವನ್ನು ತೋರಿಸಿದರು.

“ಇದಕ್ಕ ಪಂಖಾ ಇಲ್ಲರಿ. ರೇಸಿಂದು, ಭಾರ ಆಗ್ತದಂತ ಇಟ್ಟೇ ಇಲ್ಲ. ಗಾಳಿನೇ ಇದರ ಪಂಖಾ. ಓಡಿದ್ರ ಥಂಡಾ, ನಿಂತ್ರ ಕುದೀತದ. ಗರಂ ಆತು ಅಂದ್ರ ನಿಲ್ಲಸಬ್ಯಾಡ್ರಿ, ಇನ್ನ ಜೋರಾಗಿ ಹೊಡೀರಿ.”

ಈ ಮಾತು ಡೈರಿಯಲ್ಲಿಲ್ಲ. ಅವರು ಹೇಳಿದ ದನಿ ಕೂಡ ಕಿವಿಯಲ್ಲಿದೆ. ಆದರೂ ಆಗಲೇ ಕೇಳಿದ್ದೆನೋ, ಆದದ್ದೆಲ್ಲ ಆದ ಮೇಲೆ ಮನಸ್ಸು ಅದನ್ನು ತಂದು ಅಲ್ಲಿ ಕೂರಿಸಿತೋ ಎಂಬ ಸಂಶಯ ಹೋಗಿಲ್ಲ. ಮೋಟಾರು ಕೊಂಡ ಅವತ್ತಿನ ಪುಟದಲ್ಲಿ ಇರುವುದು ಒಂದೇ ಸಾಲು: ‘ಅರವತ್ತು ಮೈಲಿ. ಇನ್ನೂ ಉಳಿದಿತ್ತು.’

ಎರಡನೆಯ ಊರು ಯಲಬುರ್ಗಾದಿಂದ ಕುಷ್ಟಗಿ ಕಡೆಗೆ ಹತ್ತು ಮೈಲಿ ದೂರದಲ್ಲಿತ್ತು. ಅಲ್ಲಿ ಗೌಡರು ತೀರಿಕೊಂಡು, ಗೌಡಸಾನಿಯೇ ಊರಿನ ಕೆಲಸ ನೋಡುತ್ತಿದ್ದರು. ಮೊದಲ ಊರಿನ ಸುದ್ದಿ ಅಲ್ಲಿಗೂ ಮುಟ್ಟಿತ್ತು. ‘ಸೂಜಿ ಹಾಕಿಸಿದವ್ರ ಎತ್ತ ಸತ್ತಾವು, ಬ್ಯಾಡ’ ಎಂದು ಊರು ಕೂಗಿದರೂ ಆಕೆ ಒಪ್ಪಿದ್ದರು. ನನ್ನ ಮಾತಿನಂತೆ ಊರಿನ ನೂರಾ ನಲವತ್ತು ದನಗಳನ್ನು ತಮ್ಮ ವಾಡೆಯ ಅಂಗಳದಲ್ಲೂ ಅದಕ್ಕೆ ಹತ್ತಿದ ಕೋಟೆಯ ಒಳಗೂ ಕೂಡಿಹಾಕಿಸಿದ್ದರು. ಕೆರೆಗೆ ಬಿಡುವಂತಿರಲಿಲ್ಲ, ಆಚೆ ದಂಡೆಯ ಊರಿನಲ್ಲಿ ರೋಗ ಬಂದಾಗಿತ್ತು. ನೀರನ್ನೆಲ್ಲ ಬಾವಿಯಿಂದ ಹೊತ್ತು ತರಬೇಕಾಗಿತ್ತು. ಮುಂಗಾರಿನ ಬಿತ್ತನೆಗೆ ಇಪ್ಪತ್ತೈದು ದಿನವಿತ್ತು. ಎತ್ತು ಸತ್ತರೆ ಆ ಊರು ಬಿತ್ತುವಂತಿರಲಿಲ್ಲ.

ಒಂದು ಕೈತಪ್ಪಿದರೆ ಇನ್ನೊಂದಿರಲೆಂದು ಎರಡು ಆಡುಗಳಿಗೆ ಎರಡು ದಿನದ ಅಂತರದಲ್ಲಿ ಬೀಜ ಚುಚ್ಚಿದ್ದೆ. ಮೊದಲನೆಯದಕ್ಕೆ ಜ್ವರ ಏರಿದ ದಿನ ಹುಬ್ಬಳ್ಳಿಯಿಂದ ರೈಲಿನಲ್ಲಿ ಮರದ ಹೊಟ್ಟಿನಲ್ಲಿ ಹೂತ ಮಂಜುಗಡ್ಡೆ ಬಂತು. ಬೆಳಗಿನ ಐದಕ್ಕೆ ರಕ್ತ ತೆಗೆದೆ. ಆರಕ್ಕೆ ಕೊಪ್ಪಳ ಬಿಟ್ಟೆವು. ಮಂಜಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತವರು ನನ್ನ ಕಂಪೌಂಡರು. ಐವತ್ತು ದಾಟಿದವರು, ನನಗಿಂತ ಹೆಚ್ಚು ದನ ನೋಡಿದವರು.

“ಸಾಹೇಬ್ರ, ಮ್ಯಾಲ ಬಿಸಲು, ತೊಡಿ ಮ್ಯಾಲ ಬರ್ಫ. ನಡುವಿನವ ನಾ ಕುದೀಲ್ಯೋ ಹೆಪ್ಪಗಟ್ಟಲ್ಯೋ?”

ತಳಕಲ್ಲಿನವರೆಗೆ ಮೋಟಾರು ಹಾರಿತು. ಅಲ್ಲಿಂದ ಕುಕನೂರಿನವರೆಗೆ ಎರೆಭೂಮಿ. ಗಾಡಿಗಳ ಚಕ್ರ ಕೊರೆದ ಎರಡು ಚರಂಡಿಗಳೇ ರಸ್ತೆ. ಎತ್ತಿನ ಗಾಡಿಯ ಅಚ್ಚಿಗಿಂತ ನಮ್ಮದರ ಅಚ್ಚು ಅಗಲ. ಒಂದು ಗಾಲಿ ಚರಂಡಿಯಲ್ಲಿಳಿದರೆ ಇನ್ನೊಂದು ದಿಣ್ಣೆಯ ಮೇಲೆ. ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು. ಮೊದಲ ಗೇರಿನಲ್ಲಿ, ನಡೆಯುವವನ ವೇಗದಲ್ಲಿ ಹೋದೆವು. ಗಾಳಿಯಿಲ್ಲ. ಕಾವಿನ ಮುಳ್ಳು ಏರುತ್ತ ಹೋಯಿತು. ಜೊತೆಗಿದ್ದ ಎರಡು ಡಬ್ಬಿ ನೀರನ್ನೆಲ್ಲ ಎರಡು ಸಲಕ್ಕೆ ಮೋಟಾರೇ ಕುಡಿಯಿತು. ಯಲಬುರ್ಗಾದಲ್ಲಿ ನನ್ನ ಪರಿಚಯದ ವಕೀಲರೊಬ್ಬರ ಮನೆಯ ಮುಂದೆ ನೀರಿಗಾಗಿ ನಿಲ್ಲಿಸಿದೆ. ಎಂಟೂವರೆ. ಪೆಟ್ಟಿಗೆ ತೆರೆದು ನೋಡಿದೆ, ಮಂಜು ಮುಕ್ಕಾಲು ಇತ್ತು. ಮುಂದೆ ಗರಸುಮಣ್ಣಿನ ಗಟ್ಟಿ, ನೇರ ರಸ್ತೆ. ಅರ್ಧ ತಾಸಿನ ಕೆಲಸ.

ವಕೀಲರ ತಾಯಿ ಹೊಸ್ತಿಲಿಗೆ ಬಂದು ಮೋಟಾರನ್ನು ಮೂತಿಯಿಂದ ಬಾಲದವರೆಗೆ ನೋಡಿದರು.

“ಹೊಸಾದೇನೋ ತಮ್ಮಾ?”

“ಹಳೇದರಿ ಅವ್ವಾರ. ನನಗ ಹೊಸಾದು.”

“ಮತ್ತ ಮೊದಲನೇ ಸಲ ನಮ್ಮ ಬಾಗಲಿಗೆ ಬಂದೈತಿ, ಬರಿ ಉಡಿಲೆ ಹೆಂಗ ಕಳಸೂದು? ಒಂದೀಟ ನಿಲ್ಲು.”

ನಾನು ಬಾಯಿ ತೆರೆಯುವುದರೊಳಗೆ ಒಳಗಿನಿಂದ ಸೊಸೆಯಂದಿರು ಅರಿಸಿನ, ಕುಂಕುಮ, ಅಕ್ಕಿ, ತೆಂಗಿನಕಾಯಿ, ಹೊಸ ರವಿಕೆ ಖಣ ತಂದರು. ಮನೆಗೆ ಬಂದ ಮುತ್ತೈದೆಗೆ ಮಾಡುವಂತೆ ಮೋಟಾರಿಗೆ ಉಡಿ ತುಂಬಿದರು. ಹಸಿರು ಖಣವನ್ನು ಅಗಲವಾಗಿ ಬಿಡಿಸಿ, ರೇಡಿಯೇಟರಿನ ಜಾಲರಿಗೆ ನಾಲ್ಕೂ ಮೂಲೆ ಬಿಗಿಯಾಗಿ ಕಟ್ಟಿ, ಅದರ ಸೆರಗಿನ ಗಂಟಿನಲ್ಲಿ ಅಕ್ಕಿ, ಕೊಬ್ಬರಿ ಸೇರಿಸಿದರು. ಮೇಲೆ ಚೆಂಡುಹೂವಿನ ಮಾಲೆ. ಹಿರಿಯ ಹೆಂಗಸು ಮೋಟಾರಿನ ಮೂತಿಯನ್ನು ಕೈಯಿಂದ ಸವರಿ ನೆಟಿಕೆ ಮುರಿದರು. ಯಾರಿಗೆ ಬೇಡವೆನ್ನಲಿ? ಆ ಗಡಿಬಿಡಿಯಲ್ಲಿ ರೇಡಿಯೇಟರಿಗೆ ನೀರು ತುಂಬಿದೆನೇ ಹೊರತು ಡಬ್ಬಿಗಳನ್ನು ತುಂಬಲು ಮರೆತೆ.

ಊರು ದಾಟಿದ ಮೇಲೆ ಕಂಪೌಂಡರು, “ಸಾಹೇಬ್ರ, ಆ ಖಣ ಬಿಚ್ಚಲೇನ್ರಿ?” ಎಂದು ಕೇಳಿದರಂತೆ. ನಾನು “ಇರಲಿ, ಛಂದ ಕಾಣ್ತೈತಿ” ಎಂದೆನಂತೆ. ಇದು ಡೈರಿಯಲ್ಲೂ ಇಲ್ಲ, ನನ್ನ ನೆನಪಿನಲ್ಲೂ ಇಲ್ಲ. ಅವರು ಬದುಕಿರುವವರೆಗೂ ಇದನ್ನು ಹೇಳುತ್ತಿದ್ದರು, ಪ್ರತಿ ಸಲವೂ ಒಂದೇ ರೀತಿ ಹೇಳುತ್ತಿದ್ದರು. ಹಾಗಾಗಿ ನಿಜವೇ ಇರಬೇಕು.

ನೇರ ರಸ್ತೆ ಬಂತು. ಮೂರನೆಯ ಗೇರು, ನಾಲ್ಕನೆಯದು. ನಲವತ್ತೈದು ಮೈಲಿ. ಕಾವಿನ ಮುಳ್ಳು ಇಳಿಯಬೇಕಾಗಿತ್ತು. ಏರಿತು. ನಾನು ಐವತ್ತೈದಕ್ಕೆ ಒಯ್ದೆ. ಇನ್ನೂ ಏರಿತು. ಗರಂ ಆದರೆ ಜೋರಾಗಿ ಹೊಡೆಯಬೇಕು, ಅದಷ್ಟೇ ತಲೆಯಲ್ಲಿತ್ತು. ಅರವತ್ತು. ಎದುರಿನ ಗಾಳಿ ಆ ಖಣವನ್ನು ಜಾಲರಿಗೆ ಚರ್ಮದಂತೆ ಒತ್ತಿ ಹಿಡಿದಿತ್ತು. ನಾನು ಜೋರು ಮಾಡಿದಷ್ಟೂ ಅದು ಇನ್ನಷ್ಟು ಬಿಗಿಯಾಗಿ ಅಂಟುತ್ತಿತ್ತು. ಎಂಜಿನ್ನಿಗೆ ಉಸಿರು ಕಟ್ಟಿತ್ತು. ನಾನು ಕೂತ ಜಾಗದಿಂದ ಕಾಣುತ್ತಿದ್ದದ್ದು ಬಾನೆಟ್ಟು ಮತ್ತು ರಸ್ತೆ ಮಾತ್ರ.

ಢಬ್ ಎಂದು ಸದ್ದಾಯಿತು. ಬಿಳಿ ಹಬೆ ಗಾಜನ್ನು ಮುಚ್ಚಿತು. ಬ್ರೇಕು ಹಾಕಿ, ಗಾಡಿ ಅಡ್ಡ ತಿರುಗಿ ನಿಂತಾಗ ಕಂಪೌಂಡರು ಪೆಟ್ಟಿಗೆಯನ್ನು ಮಗುವಿನಂತೆ ಅವಚಿಕೊಂಡು ಆಗಲೇ ಹೊಲದಲ್ಲಿದ್ದರು.

ರೇಡಿಯೇಟರಿನ ಮೇಲಿನ ರಬ್ಬರ್ ಕೊಳವೆ ಉದ್ದಕ್ಕೆ ಸೀಳಿತ್ತು. ಖಣವನ್ನು ನೋಡಿದ ಮೇಲೆ ನನಗೆ ಅರ್ಥವಾಯಿತು. ಕಂಪೌಂಡರು ಅದರ ಗಂಟು ಬಿಚ್ಚಿ ನನ್ನ ಕೈಗೆ ಕೊಟ್ಟರು.

ಅದೇ ಖಣವನ್ನು ಹರಿದು, ದವಾಖಾನೆಯ ರಬ್ಬರ್ ನಳಿಕೆಯನ್ನು ಸೀಳಿ ಒಳಗೆ ಸುತ್ತಿ, ಮೇಲೆ ತಂತಿ ಬಿಗಿದು ಕೊಳವೆ ಕಟ್ಟಿದೆ. ಇನ್ನು ನೀರು ಬೇಕು. ಸುತ್ತ ಕಣ್ಣು ಹಾಯುವವರೆಗೆ ಉತ್ತ ಹೊಲ. ಇದ್ದ ನೀರು ಒಂದೇ, ಪೆಟ್ಟಿಗೆಯಲ್ಲಿದ್ದದ್ದು.

“ಸುರದ ಬಿಡ್ರಿ ಸಾಹೇಬ್ರ. ಆರು ಮೈಲಿ ಐತಿ. ಸೀಸಾ ನಾ ಎದಿಯಾಗ ಇಟ್ಗೊಂತೀನಿ.”

ಸುರಿಯುವಂತಿರಲಿಲ್ಲ. ಕುದಿಯುವ ಎಂಜಿನ್ನಿಗೆ ಮಂಜಿನ ನೀರು ಬಿದ್ದರೆ ಅದರ ಎರಕದ ಕಬ್ಬಿಣ ಬಿರಿಯುತ್ತದೆ. ಅದು ಆರಲು ಒಂದು ತಾಸಾದರೂ ಬೇಕು. ಆರುವ ಹೊತ್ತಿಗೆ ಮಂಜು ಉಳಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಉಳಿಸುವ ದಾರಿ ಹೊಳೆಯಲಿಲ್ಲ.

ಆಗ ಕುಷ್ಟಗಿ ಕಡೆಯಿಂದ ಒಂದು ಗಾಡಿ ಬಂತು. ಗಾಡಿಯವನು ನಮ್ಮನ್ನು ನೋಡಿ ನಕ್ಕ.

“ಯಾಕ್ರಿ, ನಿಮ್ಮ ಕುದರಿ ಹಲ್ಲಣ ಒಗೀತೇನು? ಬರ್ರಿ, ಹೊಳ್ಳಿಸಿ ಕರಕೊಂಡ ಹೊಕ್ಕೀನಿ.”

ಕಂಪೌಂಡರು ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಟ್ಟರು. ನಾನು ಅಭ್ಯಾಸದಿಂದ ಎತ್ತುಗಳ ಮುಖ ನೋಡಿದೆ. ಬಲಗಡೆಯದರ ಕಣ್ಣಿನಿಂದ ದವಡೆಯವರೆಗೆ ಒದ್ದೆಯ ಗೆರೆ.

“ಕಣ್ಣಿಗೇನಾಗೈತಿ?”

“ಏನಿಲ್ಲರಿ, ಧೂಳಾ ಬಿದ್ದೈತಿ.”

ತುಟಿ ಎತ್ತಿ ನೋಡಿದೆ. ಒಸಡಿನ ಮೇಲೆ ಹೊಟ್ಟು ಚೆಲ್ಲಿದಂತೆ ಬಿಳಿ ಚುಕ್ಕೆಗಳು. ಆ ಗಾಡಿಯಲ್ಲಿ ಕೂತು ಹೋದರೆ, ನೂರಾ ನಲವತ್ತು ದನಗಳ ನಡುವೆ ರೋಗವನ್ನು ನಾನೇ ಒಯ್ದು ಬಿಟ್ಟಂತೆ. ಎತ್ತು ಬಿಚ್ಚಿ ಅಲ್ಲೇ ಬೇಲಿಯೊಳಗೆ ಕಟ್ಟಬೇಕು, ಯಾವ ಕೆರೆಗೂ ಇಳಿಸಬಾರದು ಎಂದು ಹೇಳಿದೆ. ಅವನ ನಗು ಹೋಯಿತು. “ಹಂಗಾರ ಇದೂ ಸಾಯ್ತೈತೇನ್ರಿ?” ಎಂದ. ನಾನು ಸೋಪಿನಿಂದ ಕೈ ತೊಳೆದದ್ದು ಪೆಟ್ಟಿಗೆಯ ಕರಗಿದ ನೀರಿನಲ್ಲಿ.

ನೀರು ಗಾಡಿಯವನು ಹೇಳಿದ, ಎರಡು ಮೈಲಿ ಆಚೆಯ ಬಾವಿಯಿಂದ ಬಂತು. ಎರಡೂ ಡಬ್ಬಿ ಹೊತ್ತು ತಂದೆ. ನಾವು ಊರು ಮುಟ್ಟಿದಾಗ ಮಧ್ಯಾಹ್ನ ಒಂದು ದಾಟಿತ್ತು.

ವಾಡೆಯ ಬಾಗಿಲಲ್ಲಿ ಗಂಡಸರು ಗುಂಪಾಗಿದ್ದರು. ಒಳಗೆ ದನಗಳು ಒಂದಕ್ಕೊಂದು ಒರಗಿ ನಿಂತು ಏದುತ್ತಿದ್ದವು. ಗೌಡಸಾನಿ ಕಟ್ಟೆಯ ಮೇಲೆ ಕೂತಿದ್ದರು.

“ಮುಂಜಾನಿ ಬರ್ತೀನಂದ್ರಿ, ಸಾಹೇಬ್ರ.”

ನಾನು ಪೆಟ್ಟಿಗೆ ತೆರೆದು ಕೈ ಅದ್ದಿದೆ. ಮಂಜಿನ ಚೂರೂ ಇರಲಿಲ್ಲ. ನೀರು ಬೆಚ್ಚಗಿತ್ತು. ಸೀಸೆಯೂ ಬೆಚ್ಚಗಿತ್ತು. ಎಷ್ಟು ಹೊತ್ತಿನಿಂದ ಬೆಚ್ಚಗಿದೆಯೋ ತಿಳಿಯದು. ಬೀಜ ಬದುಕಿರಲೂಬಹುದು. ಕಂಪೌಂಡರು ಸೂಜಿ ಕುದಿಸಲು ಒಲೆ ಕೇಳಿದರು, ಆಮೇಲೆ ನನ್ನ ಮುಖ ನೋಡಿ ಸೂಜಿಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದರು. ಹಾಕಿದರೆ ಎಲ್ಲರಿಗೂ ಸಮಾಧಾನ. ಹಿಡಿಯದಿದ್ದರೆ ತಿಳಿಯುವುದು ಐದು ದಿನಕ್ಕೆ, ಆಗ ಹೇಳಲು ನೂರು ಕಾರಣಗಳಿರುತ್ತವೆ.

“ಇದನ್ನ ಹಾಕೂದಿಲ್ಲರಿ ಅವ್ವಾರ” ಎಂದೆ. “ಬರ್ಫ ಕರಗೈತಿ. ಇದು ಸತ್ತಿರಬಹುದು.”

ಗುಂಪಿನಿಂದ ಒಬ್ಬ ಕೂಗಿದ: “ನಾ ಹೇಳಿದ್ನಿಲ್ಲ? ದನಾ ಬಿಡ್ರಿ ಇನ್ನ, ನೀರಿಗರ ಹೋಗಲಿ!”

ಗೌಡಸಾನಿ ಅವನ ಕಡೆ ನೋಡಲಿಲ್ಲ. “ಆ ಊರಾಗೂ ಹಿಂಗ ಕರಗಿತ್ತೇನ್ರಿ?”

ಡೈರಿಯ ಆ ಸಾಲನ್ನು ನಾನು ಮೇಲೆ ಕೊಟ್ಟಿದ್ದೇನೆ. ಆ ಸಾಲು ಸುಳ್ಳು. ಮೊದಲ ಊರಿನಲ್ಲಿ ಪೆಟ್ಟಿಗೆ ತೆರೆದಾಗ ಹೊಟ್ಟಿನ ನಡುವೆ ಅಡಿಕೆಯಷ್ಟು ದೊಡ್ಡ ಎರಡು ಚೂರು ಉಳಿದಿದ್ದವು. ನಾನು ಅವುಗಳನ್ನು ಮಂಜು ಎಂದು ಕರೆದೆ, ಸಾಕಷ್ಟು ಎಂದು ಕರೆದೆ, ಅದೇ ರಾತ್ರಿ ಬರೆದೂ ಇಟ್ಟೆ. ಮೂರು ತಿಂಗಳಿನಲ್ಲಿ ನಾನೇ ಅದನ್ನು ನಂಬಿದ್ದೆ.

“ಕರಗಿತ್ತರಿ” ಎಂದೆ. “ನನಗ ಗೊತ್ತಿತ್ತು. ಹಂಗ ಹಾಕಿದೆ.”

ಯಾರೋ ಒಬ್ಬ ನನ್ನ ಕಡೆ ನುಗ್ಗಿದ. ಕಂಪೌಂಡರು ಅಡ್ಡ ಬಂದರು. ಗೌಡಸಾನಿ ಎದ್ದು ನಿಂತದ್ದರಿಂದ ಎಲ್ಲ ನಿಂತಿತು. ಆಕೆ ಕಟ್ಟೆಯಿಂದ ಇಳಿದು ನನ್ನ ಎದುರಿಗೆ ಬಂದರು.

“ಇವತ್ತ ಹಾಕಿದ್ರೂ ನಮಗ ತಿಳೀತಿರಲಿಲ್ಲ. ಮತ್ತ ಯಾಕ ಹೇಳಿದ್ರಿ?”

ಇದಕ್ಕೆ ನಾನು ಏನೆಂದೆನೋ ನೆನಪಿಲ್ಲ, ಬರೆದೂ ಇಲ್ಲ. ನೆನಪಿರುವುದು ಮುಂದಿನ ಮಾತು. ಕೊಪ್ಪಳದಲ್ಲಿ ಇನ್ನೊಂದು ಆಡಿದೆ, ಅದಕ್ಕೆ ನಾಡಿದ್ದು ಜ್ವರ ಏರುತ್ತದೆ ಎಂದೆ. ಹೇಳುತ್ತಿರುವಾಗಲೇ ಹೊಳೆಯಿತು: ರಕ್ತವನ್ನೇಕೆ ತರಬೇಕು? ಆಡನ್ನೇ ತಂದರಾಯಿತು. ಅದರ ಮೈಯಲ್ಲಿ ಬೀಜ ಬಿಸಿಲಿಗೆ ಸಾಯುವುದಿಲ್ಲ. ಮಂಜೇ ಬೇಡ. ಇಲ್ಲೇ, ಇದೇ ಕಟ್ಟೆಯ ಮೇಲೆ ರಕ್ತ ತೆಗೆದು, ಅದೇ ಗಳಿಗೆಯಲ್ಲಿ ಹಾಕಬಹುದು. ಎರಡು ದಿನ ದನ ಹಿಡಿದಿಟ್ಟುಕೊಂಡರೆ ಸಾಕು.

“ಎರಡ ದಿನಾ ನೂರಾ ನಲವತ್ತ ದನಕ್ಕ ನೀರ ಹೊರೂದು” ಎಂದರು ಆಕೆ, ತಮಗೆ ತಾವೇ ಹೇಳಿಕೊಳ್ಳುವಂತೆ. ಆಮೇಲೆ ಗುಂಪಿಗೆ: “ಕೊಡಾ ತಗೋರಿ. ನಿಂತು ಏನ ನೋಡ್ತೀರಿ?”

ಕೊಪ್ಪಳಕ್ಕೆ ಮರಳಿ, ಹೇಳಿದ ದಿನ ಬೆಳಗಿನ ಜಾವ ಜ್ವರದ ಆಡನ್ನು ಕಂಪೌಂಡರ ಮಡಿಲಿನಲ್ಲಿ ಮಲಗಿಸಿ ಹೊರಟೆವು. ಬಾನೆಟ್ಟಿನ ಎರಡೂ ಪಕ್ಕಗಳನ್ನು ಬಿಚ್ಚಿ ದವಾಖಾನೆಯಲ್ಲೇ ಬಿಟ್ಟಿದ್ದೆ, ಗಾಳಿ ಆಡಲಿ ಎಂದು. ಎರೆಭೂಮಿಯಲ್ಲಿ ಮೈಲಿಗೊಮ್ಮೆ ನಿಲ್ಲಿಸಿ ಎಂಜಿನ್ ಆರಿಸಿದೆ. ಆಡಿನ ಜ್ವರವನ್ನು ಒಂದು ಮಾಪಕದಲ್ಲಿ, ಎಂಜಿನ್ನಿನ ಕಾವನ್ನು ಇನ್ನೊಂದರಲ್ಲಿ ನೋಡುತ್ತಿದ್ದೆ. ಒಂದು ಇಳಿಯಬಾರದು, ಇನ್ನೊಂದು ಏರಬಾರದು. ಯಲಬುರ್ಗಾದಲ್ಲಿ ವಕೀಲರ ಓಣಿ ಬಿಟ್ಟು ಆಚೆಯಿಂದ ಹೋದೆವು.

“ಇಷ್ಟ ಸಾವಕಾಶ ಹೋಗೂದಿತ್ತಂದ್ರ” ಎಂದರು ಕಂಪೌಂಡರು, ಆಡಿನ ಕಿವಿಗೆ ಕೂತ ನೊಣ ಹೊಡೆಯುತ್ತ, “ಚಕ್ಕಡಿನೂ ನಡೀತಿತ್ತಲ್ರಿ.”

ಎತ್ತಿನ ಗಾಡಿಯೂ ನಡೆಯುತ್ತಿತ್ತು. ಆಡಿಗೆ ಅವಸರವಿರಲಿಲ್ಲ. ಅವಸರವಿದ್ದದ್ದು ಮಂಜಿಗೆ, ಮತ್ತು ನನಗೆ. ಮೊದಲ ಊರಿಗೇ ಆಡನ್ನು ಒಯ್ಯಬಹುದು ಎಂದು ನನಗೆ ಯಾಕೆ ಹೊಳೆಯಲಿಲ್ಲ ಎಂಬುದನ್ನು ಬಹಳ ಸಲ ಕೇಳಿಕೊಂಡಿದ್ದೇನೆ. ಹೊಳೆದಿದ್ದರೆ ಮೋಟಾರು ಕೊಳ್ಳಲು ಕಾರಣವಿರುತ್ತಿರಲಿಲ್ಲ ಎಂಬ ಉತ್ತರ ಪೂರ್ತಿ ಸರಿಯಲ್ಲ, ಯಾಕೆಂದರೆ ಆಗ ಮೋಟಾರಿನ ಮಾತೇ ಇರಲಿಲ್ಲ. ಆದರೆ ಅದು ಪೂರ್ತಿ ತಪ್ಪೂ ಅನ್ನಿಸುವುದಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಕಟ್ಟೆಯ ಮೇಲೆ ಆಡಿನ ರಕ್ತ ತೆಗೆದೆ. ಸಂಜೆಯೊಳಗೆ ನೂರಾ ನಲವತ್ತಕ್ಕೂ ಹಾಕಿ ಮುಗಿಯಿತು. ಮೊದಲು ಗೌಡಸಾನಿಯ ಜೋಡಿ ಎತ್ತು. ಜ್ವರ ಕಾಣುವವರೆಗೆ ದನ ಹೊರಗೆ ಬಿಡಬೇಡಿರೆಂದೆ, ಈ ಸಲ ನಾನೂ ಊರು ಬಿಡಲಿಲ್ಲ. ಮೋಟಾರನ್ನು ಬೇವಿನ ಕೆಳಗೆ ನಿಲ್ಲಿಸಿ, ವಾಡೆಯ ಕಟ್ಟೆಯ ಮೇಲೆ ಮಲಗಿದೆ. ಊಟ ಕೊಟ್ಟರು. ಮಾತಾಡಿಸಿದವರು ಕಡಿಮೆ.

ಎರಡನೆಯ ದಿನ ಎತ್ತಿನ ಕಾವು ನೂರಾ ಒಂದು, ಸಹಜವಾದದ್ದು. ಮೂರನೆಯ ದಿನವೂ ಅದೇ. ನಾಲ್ಕನೆಯ ದಿನ ಬೆಳಿಗ್ಗೆ ನೂರಾ ಒಂದು, ಸಂಜೆ ನೂರಾ ಒಂದು. ದನಗಳೆಲ್ಲ ಚೆನ್ನಾಗಿ ಮೇಯುತ್ತಿದ್ದವು. ಅವು ಜೋಳದ ಕಣಿಕೆ ಮುರಿಯುವ ಸದ್ದನ್ನು ನನಗೆ ಸಹಿಸಲಾಗುತ್ತಿರಲಿಲ್ಲ. ಆ ರಾತ್ರಿಯ ಪುಟ ಖಾಲಿ ಇದೆ.

ಐದನೆಯ ದಿನ ಬೆಳಕು ಹರಿಯುವಾಗ ಗೌಡಸಾನಿ ಕಟ್ಟೆಯ ಹತ್ತಿರ ನಿಂತು ಕರೆದರು.

“ಸಾಹೇಬ್ರ, ಏಳ್ರಿ. ಎಡಗಡೇ ಎತ್ತು ಮೇವು ಮುಟ್ಟಿಲ್ಲ.”

ಬರಿಗಾಲಲ್ಲಿ ಓಡಿದೆ. ಎತ್ತು ತಲೆ ತಗ್ಗಿಸಿ ನಿಂತಿತ್ತು. ಥರ್ಮಾಮೀಟರು ಇಟ್ಟು ಎರಡು ನಿಮಿಷ ಕಾದು, ಹೊರತೆಗೆದು, ಬೆಳಕಿಗೆ ತಿರುಗಿಸಿದೆ. ಆಕೆ ಗಾಜನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದರು.

“ನೂರಾ ನಾಲ್ಕರಿ” ಎಂದೆ. “ಜ್ವರಾ ಬಂದೈತಿ. ಸೂಜಿ ಹಿಡದೈತಿ.”

“ಉಳದವಕ್ಕೂ ಬರಬೇಕಲ್ರಿ?”

“ಬರಬೇಕರಿ.”

ಆಕೆ ಸೆರಗು ಸಿಕ್ಕಿಸಿಕೊಂಡು, ಕೋಟೆಯ ಆಚೆ ಬದಿಯಲ್ಲಿ ತನ್ನ ದನಗಳ ನಡುವೆ ನಿಂತಿದ್ದ ಮನುಷ್ಯನನ್ನು ಕೂಗಿದರು. ಅವತ್ತು ನನ್ನ ಮೇಲೆ ಏರಿ ಬಂದವನೇ ಅವನು.

“ಏ ತಮ್ಮಾ, ನಿಮ್ಮವು ಮೇವು ತಿಂದಾವೇನೋ?”

“ಇಲ್ಲಬೇ ಯವ್ವಾ!” ಅವನ ದನಿಯಲ್ಲಿ ಅಳು ಇತ್ತು. “ಮೂಸಿ ಸುದ್ದಾ ನೋಡವಲ್ಲವು!”

“ಛಲೋ ಆತು” ಎಂದರು ಗೌಡಸಾನಿ, ಮತ್ತು ಅಲ್ಲೇ ಮೇವು ಹಾಕುವ ಗೋದಲಿಯ ಅಂಚಿನ ಮೇಲೆ ಕೂತುಬಿಟ್ಟರು.